ಬಿ.ಎಡ್. ಪಾಠದಲ್ಲಿ ತಾಂಡಾದ ಮಗುವೂ ಇರಲಿ

ಮಾನ್ಯರೇ,

ಕೊಪ್ಪಳದ ಕಡೆ ಬಿ.ಎಡ್., ಡಿ.ಎಡ್. ಮುಗಿಸಿ ಬರುವ ಹೊಸ ಶಿಕ್ಷಕರಿಗೆ ಫ್ರೊಬೆಲ್, ಡ್ಯೂಯಿ, ಪಿಯಾಜೆಯಂಥ ಪಾಶ್ಚಾತ್ಯ ಶಿಕ್ಷಣ ಚಿಂತಕರು ಬಾಯಿಪಾಠ. ಎದುರಿಗೆ ಕೂತ ಮಗುವಿನ ಮನೆಮಾತಿನ ಗಂಧವೇ ಇರುವುದಿಲ್ಲ. ತಾಂಡಾದಲ್ಲಿ ಲಂಬಾಣಿ, ಗಂಗಾವತಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಲ್ಲಿ ತೆಲುಗು, ಎಷ್ಟೋ ಮನೆಗಳಲ್ಲಿ ಉರ್ದು. ಒಂದನೇ ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಸುಮ್ನೆ ಕೂತ ಹುಡುಗಿಗೆ ದಡ್ಡಿ ಎಂಬ ಹಣೆಪಟ್ಟಿ. ಇಂಗ್ಲಿಷ್ ಶಿಕ್ಷಣವನ್ನು ಎತ್ತಿಹಿಡಿದ 1835ರ ಮೆಕಾಲೆ ಟಿಪ್ಪಣಿಯನ್ನು ಪರೀಕ್ಷೆಯಲ್ಲಿ ಟೀಕಿಸಿ ಬರೆಸುತ್ತೇವೆ. ಇಲ್ಲಿನ ಅರಿವನ್ನು ಕೀಳಾಗಿ ಕಾಣುವ ಅದೇ ಧೋರಣೆ ತರಗತಿಯಲ್ಲಿ ಹಾಗೇ ಉಳಿದಿದೆ, ಅಲ್ವಾ?

ಡ್ಯೂಯಿ ಬೇಡ ಎನ್ನುತ್ತಿಲ್ಲ. ಆದರೆ ಆಕಾರ, ಅಳತೆ ಕಲಿಸಲು ಕಿನ್ನಾಳದ ಗೊಂಬೆ ಮಾಡುವವರೂ ಗುರುಗಳೇ. ಅಭ್ಯಾಸ ಬೋಧನೆಯ ಕೆಲವು ವಾರಗಳನ್ನು ತಾಂಡಾ ಶಾಲೆಗಳಲ್ಲಿ ಕಡ್ಡಾಯ ಮಾಡಲಿ. ಆ ಮಕ್ಕಳ ಮಾತು ಬಲ್ಲ ಊರ ಹಿರಿಯರೊಬ್ಬರನ್ನು ಗೌರವಧನ ಕೊಟ್ಟು ಕಾಲೇಜಿಗೂ ಕರೆಸಲಿ.

– ಓದುಗ, ಕೊಪ್ಪಳ