ಸಿಹಿಗುಳಿಗೆಯ ಅಧ್ಯಯನ ಕೊಡಗಿನಲ್ಲೂ ನಡೆಯಲಿ

ಮಾನ್ಯರೇ,

ಬೆಲ್ಲದ ಕಾಫಿ ಕುಡಿದು ಬೆಳೆದ ಕೊಡಗಿನ ಮನೆಗಳಲ್ಲಿ ಈಗ ಲೋಟದ ಪಕ್ಕದಲ್ಲೇ ಸಕ್ಕರೆಯ ಬದಲು ಬಳಸುವ ಸಿಹಿಗುಳಿಗೆಯ ಪುಟ್ಟ ಡಬ್ಬಿ ಕಾಣುತ್ತದೆ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ತೂಕ ಇಳಿಸಲು ಇಂತಹ ಬದಲಿ ಸಿಹಿಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತಾದರೂ, ಈಗಾಗಲೇ ಮಧುಮೇಹ ಇರುವವರಿಗೆ ಅದು ಅನ್ವಯಿಸುವುದಿಲ್ಲವೆಂದೂ ಸ್ಪಷ್ಟಪಡಿಸಿದೆ. ನಾನು ಕಂಡಂತೆ ನಮ್ಮಲ್ಲಿ ಗುಳಿಗೆ ಬಳಸುವವರು ಬಹುತೇಕ ಅವರೇ!

ತೂಕ ಹೆಚ್ಚಿರುವವರು, ಮಧುಮೇಹಿಗಳೇ ಹೆಚ್ಚಾಗಿ ಇದರ ಮೊರೆಹೋಗುವುದರಿಂದ, ಬಳಕೆದಾರರನ್ನು ಬರಿದೇ ಗಮನಿಸುವ ಅಧ್ಯಯನಗಳಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನೈತಿಕ ಸಮಿತಿಯ ಅನುಮತಿ ಪಡೆದು, ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಿ, ಒಪ್ಪಿ ಬಂದ ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಗುಳಿಗೆಯ ಕಾಫಿ ಮತ್ತು ಸಪ್ಪೆ ಕಾಫಿಯ ಎರಡು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಬೇಕು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನಷ್ಟೇ ತೋರಿಸುವುದರಿಂದ ಒಂದು ವರ್ಷವಾದರೂ ಅಧ್ಯಯನ ನಡೆಯಬೇಕು. ಜಡಿಮಳೆಯಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಮಡಿಕೇರಿಗೆ ಬರುವುದು ಸುಲಭವಲ್ಲವಾದ್ದರಿಂದ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಕ್ತದ ಮಾದರಿ ಪಡೆಯುವ ಏರ್ಪಾಡು ಇರಲಿ. ಆದರೆ ಇದಕ್ಕೆ ಗುಳಿಗೆ ತಯಾರಕರಿಂದ ಹಣ ಪಡೆಯುವುದು ಬೇಡ.

– ಓರ್ವ ಕಾಫಿ ಬೆಳೆಗಾರ, ಸೋಮವಾರಪೇಟೆ