ಫೋಟೊ ಮೇಲಿನ ಟೀಕೆ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸ ಸದಸ್ಯರೊಬ್ಬರು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಫೋಟೊ ಹಾಕಿ, ಹತ್ತೇ ನಿಮಿಷದಲ್ಲಿ ಅಳಿಸಿಬಿಟ್ಟರು. ಯಾರೋ 'ಏನೂ ಚೆನ್ನಾಗಿಲ್ಲ' ಅಂದಿದ್ದೇ ಕಾರಣ. ನನಗೆ ನಿಜಕ್ಕೂ ಬೇಜಾರಾಯಿತು.

ಅದೇ ಫೋಟೊಗೆ ಇನ್ನೊಬ್ಬರು 'ಬಿಸಿಲು ಬಿದ್ದ ಬೆನ್ನಿನಲ್ಲಿ ಗರಿಗಳ ಗೆರೆಯೇ ಕಾಣುತ್ತಿಲ್ಲ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಬೇಕಿತ್ತು' ಅಂತ, ಅಂದರೆ ಕ್ಯಾಮೆರಾದೊಳಗೆ ಬೆಳಕು ಸ್ವಲ್ಪ ಕಡಿಮೆ ಬಿಡಬೇಕಿತ್ತು ಅಂತ ಬರೆದಿದ್ದರು. ಬೆಲೆ ಇರುವುದು ಈ ಮಾತಿಗೆ. ಯಾಕೆಂದರೆ ಇದನ್ನು ನೀವೇ ಪರೀಕ್ಷಿಸಿ ನೋಡಬಹುದು: ಮೂಲ ಫೈಲ್ ತೆರೆದು ಹಿಸ್ಟೋಗ್ರಾಮ್ (ಫೋಟೊದಲ್ಲಿ ಎಷ್ಟು ಕಪ್ಪು, ಎಷ್ಟು ಬಿಳಿ ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ನೋಡಿ, ಅದು ಬಲತುದಿಗೆ ಒತ್ತಿಕೊಂಡು ನಿಂತಿದ್ದರೆ ಅವರು ಹೇಳಿದ್ದು ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಹಕ್ಕಿಯ ಹಿಂದುಗಡೆ ಹುಣಸೆ ಮರದ ಕಪ್ಪು ನೆರಳು ಜಾಸ್ತಿ ಇದ್ದಾಗ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸುತ್ತದೆ, ತಿಳಿಬಣ್ಣದ ಹಕ್ಕಿಯ ಗರಿಗಳೆಲ್ಲ ಬರೀ ಬಿಳಿಯಾಗಿಬಿಡುತ್ತವೆ. ಎಷ್ಟೋ ವರ್ಷ ಫೋಟೊ ತೆಗೆದವರಿಗೂ ಇದು ಆಗುತ್ತದೆ.

'ಶಾರ್ಪ್ ಇಲ್ಲ' ಅಂದ ಕೂಡಲೇ ಸುಮ್ನೆ ಹೊಸ ಲೆನ್ಸ್ ಹುಡುಕಬೇಡಿ. ವಾಟ್ಸಾಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಆಮೇಲೆ ಅಭಿಪ್ರಾಯ ಕೇಳಿ. ಇನ್ನು 'ಸೂಪರ್' ಅನ್ನುವ ಇಪ್ಪತ್ತು ಮೆಸೇಜಿನಿಂದ ಖುಷಿ ಆಗುತ್ತದೆ, ಆದರೆ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ, ಅಲ್ವಾ?

ಟೀಕೆ ಮಾಡುವವರು ದಯವಿಟ್ಟು ಯಾವ ಜಾಗ, ಏನು ಮಾಡಬಹುದಿತ್ತು ಅಂತ ಬಿಡಿಸಿ ಬರೆಯಿರಿ.

ನಿನ್ನೆಯ ಆ ಫೋಟೊ ಮತ್ತೆ ಹಾಕಿ. ಮರಿ ಅಮ್ಮನ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿದ ಕ್ಷಣ ಅದು, ನಾನು ಇನ್ನೊಮ್ಮೆ ನಿಧಾನವಾಗಿ ನೋಡಬೇಕು.