ಭಾನುವಾರ ಸಂಜೆಯ 45 ನಿಮಿಷ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ರಿಂದ 5.45ರವರೆಗೆ ಗುಂಪಿನವರೆಲ್ಲ ಫೋನ್ ಪಕ್ಕಕ್ಕಿಟ್ಟು ಹಾಡೋಣ, ಚಿತ್ರ ಬಿಡಿಸೋಣ, ಹೆಣಿಗೆ ಹಾಕೋಣ, ಮನಸ್ಸಿಗೆ ಬಂದದ್ದು ಮಾಡೋಣ. ಚೆನ್ನಾಗಿ ಬರಲೇಬೇಕೆಂದೇನಿಲ್ಲ. 2016ರಲ್ಲಿ ಪ್ರಕಟವಾದ, 39 ಜನರ ಒಂದು ಚಿಕ್ಕ ಅಧ್ಯಯನದಲ್ಲಿ 45 ನಿಮಿಷ ಕಲೆಯಲ್ಲಿ ತೊಡಗಿದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲಿನ ಅನುಭವ ಇತ್ತೋ ಇಲ್ಲವೋ, ಅದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ನನಗೆ ಧೈರ್ಯ ಕೊಟ್ಟದ್ದು ಇದೇ.

ಔಷಧಿ, ಆಪ್ತಸಮಾಲೋಚನೆಯಲ್ಲಿರುವವರು ದಯವಿಟ್ಟು ಅದನ್ನು ನಿಲ್ಲಿಸಬೇಡಿ. ಇದು ಅದರ ಜೊತೆಗೆ.

ಏನು ಮಾಡುತ್ತೀರೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಫೋಟೋ ಬೇಕಿಲ್ಲ, ಮುಗಿದ ಮೇಲೆ ಹೇಗನಿಸಿತೆಂದು ಒಂದು ಸಾಲು ಬರೆಯಿರಿ. ಈಚೆಗೆ ಗುಂಪಿನಲ್ಲಿ ಮಾತೇ ಆಡದವರಿಗೆ, ನಿಮಗೆ ಪರಿಚಯವಿದ್ದರೆ, ಫೋನ್ ಮಾಡಿ ಕರೆಯಿರಿ.